ಚುಕ್ಕೆ ಗೆರೆಯ ಆಚೆಗಿನ ಡ್ರಮ್ಮು

ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರಿತ್ತು. ನನ್ನದು ಕತ್ತರಿ. ರಾಸಾಯನಿಕ ಕಾರ್ಖಾನೆಗಳನ್ನು ವಿನ್ಯಾಸ ಮಾಡಿಕೊಡುವ ಆಫೀಸು ಅದು. ಕಟ್ಟುವವರು ಬೇರೆ, ನಡೆಸುವವರು ಬೇರೆ, ಕಾಗದದ ಮೇಲೆ ಹುಟ್ಟಿಸುವವರು ಮಾತ್ರ ನಾವು. ಎಂಜಿನಿಯರುಗಳು ಬರೆದದ್ದಕ್ಕೆಲ್ಲ ಬೆಲೆ ಕಟ್ಟುವುದು, ಹಾಕಿದ ಬಂಡವಾಳ ಎಷ್ಟು ವರ್ಷದಲ್ಲಿ ಹಿಂದಿರುಗುತ್ತದೆ ಎಂದು ಹೇಳುವುದು, ಹಿಂದಿರುಗದಿದ್ದರೆ ಏನನ್ನು ಕತ್ತರಿಸಬೇಕೆಂದು ತೋರಿಸುವುದು ನನ್ನ ಕೆಲಸ. ಹಾಗಾಗಿ ಹೆಸರು ಸುಮ್ಮನೆ ಬಂದದ್ದಲ್ಲ. ನಾನು ಮೀಟಿಂಗಿಗೆ ಕಾಲಿಟ್ಟರೆ ಎಂಜಿನಿಯರುಗಳು ತಮ್ಮ ನಕ್ಷೆಗಳನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ನನಗೂ ಅದು ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆದರೆ ನಾನು ಬರೆಯಲು ಕೂತಿರುವುದು ನನ್ನ ಬಗ್ಗೆ ಅಲ್ಲ, ಗೊಂಬೆಯಣ್ಣನ ಬಗ್ಗೆ. ಮೂರನೇ ಮಹಡಿಯ ಕೊನೆಯಲ್ಲಿ, ಅಂಟಿನ ವಾಸನೆ ಬರುವ ಉದ್ದನೆಯ ಕೋಣೆಯೊಂದಿತ್ತು. ಅದೇ ಮಾಡೆಲ್ ರೂಮು. ಅಲ್ಲಿ ಅವರೊಬ್ಬರೇ ಕೂತು, ನಾವು ವಿನ್ಯಾಸ ಮಾಡಿದ ಕಾರ್ಖಾನೆಯನ್ನು ಪ್ಲಾಸ್ಟಿಕ್ಕಿನಲ್ಲಿ ಪುಟ್ಟದಾಗಿ ಕಟ್ಟುತ್ತಿದ್ದರು. ಮೂರು ಸೆಂಟಿಮೀಟರ್ ಅಂದರೆ ಒಂದು ಮೀಟರ್. ನಕ್ಷೆಯಲ್ಲಿ ಎರಡು ಪೈಪುಗಳು ಒಂದೇ ಜಾಗದಲ್ಲಿ ಹಾದುಹೋದರೂ ಕಾಗದ ತುಟಿ ಬಿಚ್ಚುವುದಿಲ್ಲ. ಮಾಡೆಲ್ಲಿನಲ್ಲಿ ಅವು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಹಾಗೆ ಢಿಕ್ಕಿಯಾದಾಗಲೆಲ್ಲ ಗೊಂಬೆಯಣ್ಣ ಮಾಡೆಲ್ ರೂಮಿನಿಂದ ಫೋನ್ ಮಾಡಿ, "ಸ್ವಲ್ಪ ಬಂದ್ಹೋಗ್ತೀರಾ? ನಿಮ್ಮ ಎರಡು ಪೈಪು ಜಗಳ ಆಡ್ತಿವೆ" ಅನ್ನುತ್ತಿದ್ದರು. ತಪ್ಪು ನಿಮ್ಮದು ಎಂದು ಯಾರಿಗೂ ಒಮ್ಮೆಯೂ ಹೇಳಿದವರಲ್ಲ.

ಬಡಗಿ ಕೆಲಸ ಕಲಿತು ಬಂದ ಮನುಷ್ಯ. ಸಣಕಲು ಮೈ, ದಪ್ಪ ಕನ್ನಡಕ, ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟು. ಗೊಂಬೆಯಣ್ಣ ಎಂಬ ಹೆಸರು ಬಂದದ್ದು ಅವರು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ ಗೊಂಬೆಯಿಂದ. ಮಾಡೆಲ್ ಸಾಮಾನುಗಳ ಜೊತೆ ಕಂಪನಿಯವರೇ ಪೊಟ್ಟಣದಲ್ಲಿ ಕಳಿಸುತ್ತಿದ್ದ ಬೆರಳುದ್ದದ ಪ್ಲಾಸ್ಟಿಕ್ ಮನುಷ್ಯ ಅದು, ಒಂದು ಕೈ ಮೇಲೆತ್ತಿ ನಿಂತವನು. ಅವನನ್ನು ಪ್ರತಿ ವಾಲ್ವಿನ ಮುಂದೆ ನಿಲ್ಲಿಸಿ ಕೈ ಎಟುಕುತ್ತದೆಯೇ ಎಂದು ನೋಡುವುದು ಪದ್ಧತಿ. ಎಟುಕಿದರೆ ಪಾಸು. ನಿಜದ ಲೆಕ್ಕಕ್ಕೆ ತಂದರೆ ಅವನ ಎತ್ತರ ಐದು ಅಡಿ ಹತ್ತು ಇಂಚು. ಗೊಂಬೆಯಣ್ಣ ಅವನಿಗೆ ಇಟ್ಟ ಹೆಸರು ಲಂಬು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ರತಿ ನಕ್ಷೆಯ ಸುತ್ತ ಒಂದು ಚುಕ್ಕೆ ಗೆರೆ ಇರುತ್ತದೆ. ಗೆರೆಯ ಒಳಗಿನದು ನಮ್ಮದು. ಆಚೆಗಿನದು ಬೇರೆಯವರದು. ಆಚೆಯಿಂದ ಉಗಿ ಬರಬಹುದು, ನೀರು ಬರಬಹುದು, ಅದು ಎಲ್ಲಿಂದ ಹೇಗೆ ಬಂತೆಂದು ಕೇಳುವ ಹಾಗಿಲ್ಲ. ಇದು ಒಳ್ಳೆಯ ನಿಯಮ. ಇಲ್ಲದಿದ್ದರೆ ಯಾವ ಕೆಲಸಕ್ಕೂ ಮುಕ್ತಾಯವಿರುವುದಿಲ್ಲ. ಇಪ್ಪತ್ತು ವರ್ಷ ನಾನು ಆ ಗೆರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ. ಅದರಾಚೆಗಿನ ವಿಷಯಕ್ಕೆ ತಲೆಯನ್ನೂ ಹಾಕಿದವಳಲ್ಲ, ಬೆಲೆಯನ್ನೂ ಹಾಕಿದವಳಲ್ಲ.

ಗೊಂಬೆಯಣ್ಣನ ಕೊನೆಯ ಮಾಡೆಲ್ಲು ಒಂದು ಸಾಬೂನು ಕಾರ್ಖಾನೆಗಾಗಿ. ಆಗಲೇ ಆಫೀಸಿನಲ್ಲಿ ಕಂಪ್ಯೂಟರಿನಲ್ಲೇ ಪೈಪು ಜೋಡಿಸುವ ವ್ಯವಸ್ಥೆ ಬಂದಾಗಿತ್ತು. ಆ ವರ್ಷ ಮುಗಿದರೆ ಮಾಡೆಲ್ ರೂಮಿಗೆ ಬೀಗ, ಅವರಿಗೆ ನಿವೃತ್ತಿ. ಸಾಬೂನು ಬೇಯಿಸಿದ ಮೇಲೆ ಉಳಿಯುವ ನೀರಿನಲ್ಲಿ ಗ್ಲಿಸರಿನ್ ಇರುತ್ತದೆ. ಅಷ್ಟು ವರ್ಷ ಅದನ್ನು ಮೂರು ಕಾಸಿಗೆ ಮಾರುತ್ತಿದ್ದ ಯಜಮಾನರಿಗೆ, ಶುದ್ಧ ಮಾಡಿ ಮಾರೋಣ ಅನ್ನಿಸಿತ್ತು. ಹಳೆಯ ಕಾರ್ಖಾನೆಯ ಪಕ್ಕದ ಖಾಲಿ ಜಾಗದಲ್ಲಿ ಹೊಸ ಘಟಕ. ಯಜಮಾನರು ಸ್ಥೂಲಕಾಯದ, ನಿಧಾನ ಮಾತಿನ ಮನುಷ್ಯ. ಅವರು ಹಾಕಿದ ಷರತ್ತು ಒಂದೇ: "ಹಾಕಿದ ದುಡ್ಡು ಐದು ವರ್ಷದಲ್ಲಿ ವಾಪಸ್ ಬಂದ್ರೆ ಕಟ್ತೀನಿ. ಐದು ವರ್ಷದ ಮೇಲೆ ಒಂದು ತಿಂಗಳು ಅಂದ್ರೂ ಬೇಡ. ನನಗೂ ವಯಸ್ಸಾಯ್ತು."

ನನ್ನ ಮೊದಲ ಲೆಕ್ಕಕ್ಕೆ ನಾಲ್ಕು ವರ್ಷ ಹತ್ತು ತಿಂಗಳು ಬಂತು. ಕೂದಲೆಳೆಯ ಅಂತರ. ಆದರೂ ನಾನು ಗೆದ್ದವಳ ಹಾಗೆ ಬೀಗಿದೆ.

ಜಾಗ ನೋಡಲು ನಾನೂ ಗೊಂಬೆಯಣ್ಣನೂ ಬಸ್ಸಿನಲ್ಲಿ ಹೋದೆವು. ನಾನು ಅಡಿಪಾಯದ ಮಣ್ಣು ನೋಡುತ್ತಿದ್ದರೆ ಅವರು ಹಳೆಯ ಕಾರ್ಖಾನೆಯೊಳಗೆ ಹೊಕ್ಕು, ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು.

"ಏನ್ ಎಣಿಸ್ತಿದೀರಾ ಅಣ್ಣ?"

"ಡ್ರಮ್ಮು. ಬೋರಲು ಹಾಕಿರೋ ಡ್ರಮ್ಮು. ಏಳು."

"ನಮ್ಮ ಸಾಮಾನಿನ ಪಟ್ಟೀಲಿ ಡ್ರಮ್ ಇಲ್ವಲ್ಲ?"

"ಅದಕ್ಕೇ ಎಣಿಸೋದು. ನಾವು ಕೊಡದೇ ಇದ್ದಿದ್ದನ್ನ ಜನ ತಾವೇ ತಂದಿಟ್ಕೊಂಡಿದಾರೆ ಅಂದ್ರೆ, ನಾವು ಏನೋ ಕೊಡೋದು ಮರ್ತಿದೀವಿ ಅಂತ."

ನನಗೆ ರೇಗಿತು. ನಾನು ಕೆಲಸಕ್ಕೆ ಬಂದರೆ ಇವರು ತತ್ವ ಹೇಳಲು ಬಂದಿದ್ದಾರೆ ಅನ್ನಿಸಿತು. ಅಷ್ಟರಲ್ಲಿ ಅವರು ಸಾಬೂನು ಬೇಯಿಸುವ ದೊಡ್ಡ ಹಂಡೆಯ ಪಕ್ಕದಲ್ಲಿ ನಿಂತುಬಿಟ್ಟರು. ತಲೆಯ ಮೇಲೆ ಅಡ್ಡ ಹಾದುಹೋದ ಉಗಿಯ ಪೈಪು, ಅದರಲ್ಲೊಂದು ವಾಲ್ವು, ಅದರ ಕೆಳಗೆ ಬೋರಲು ಡ್ರಮ್ಮು. ಡ್ರಮ್ಮಿನ ತಳದ ಮೇಲೆ ಎರಡು ಪಾದದಷ್ಟಗಲ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು.

"ಇದು ನಂದು," ಅಂದರು. "ನನ್ನ ಮೊದಲನೇ ಮಾಡೆಲ್ಲು. ಮೂವತ್ತೊಂದು ವರ್ಷ ಆಯ್ತು."

ವಾಪಸು ಬರುವಾಗ ಬಸ್ಸಿನಲ್ಲಿ ಉಳಿದದ್ದನ್ನು ಹೇಳಿದರು. ಅವರನ್ನು ಸಾಕಿ ಬೆಳೆಸಿದ್ದು ಅಕ್ಕ. ಮನೆಯಲ್ಲಿ ಇಂದಿಗೂ ಇಬ್ಬರೇ. ಅಕ್ಕ ಇದೇ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಆ ಹಂಡೆಯ ಬಳಿ ದುಡಿದಿದ್ದರು. ಸಾಬೂನು ಕುದಿಯುವಾಗ ನೊರೆ ಉಕ್ಕಿದರೆ ಉಗಿ ಕಡಿಮೆ ಮಾಡಬೇಕು, ಇಳಿದರೆ ಹೆಚ್ಚು ಮಾಡಬೇಕು. ಶಿಫ್ಟಿಗೆ ನಲವತ್ತು ಸಲ ಡ್ರಮ್ ಹತ್ತಿ, ಕೈ ಪೂರ್ತಿ ಮೇಲೆ ಚಾಚಿ, ವಾಲ್ವಿನ ಚಕ್ರ ತಿರುಗಿಸಬೇಕು. ಅಕ್ಕನ ಎತ್ತರ ಐದು ಅಡಿಗೂ ಕಡಿಮೆ. ಈಗ ಅವರ ಬಲಭುಜ ಮೇಲೇಳುವುದಿಲ್ಲ. ತಲೆ ಬಾಚಿಕೊಳ್ಳಲಾಗುವುದಿಲ್ಲ. ಪ್ರತಿದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಗೊಂಬೆಯಣ್ಣನೇ ಅಕ್ಕನಿಗೆ ಜಡೆ ಹಾಕುತ್ತಾರೆ.

"ಆಗ ನಾನು ಲಂಬೂನ ನಿಲ್ಲಿಸಿ ನೋಡಿದ್ದೆ ಕಣಮ್ಮ. ಅವನಿಗೆ ಎಟುಕ್ತು. ಪಾಸ್ ಅಂತ ಬರ್ದೆ. ಅಕ್ಕಂಗೆ ಅಲ್ಲಿ ಕೆಲಸ ಸಿಕ್ಕಿದ್ದು ಆಮೇಲೆ. ಮೊದಲನೇ ದಿನ ಮನೆಗೆ ಬಂದು ಏನ್ ಅಂದ್ಲು ಗೊತ್ತಾ? ‘ಯಾವನೋ ಪುಣ್ಯಾತ್ಮ ಮಾಡಿದಾನೆ, ಅವನ ಕೈ ಬಾವಿ ಹಗ್ಗದಷ್ಟು ಉದ್ದ ಇರಬೇಕು’ ಅಂತ."

"ನೀವೇ ಆ ಪುಣ್ಯಾತ್ಮ ಅಂತ ಹೇಳ್ಲಿಲ್ವಾ?"

"ಹೇಳೋಕೆ ಬಾಯಿ ಬರ್ಲಿಲ್ಲ. ಇವತ್ತಿಗೂ ಹೇಳಿಲ್ಲ. ನೀನೂ ಹೇಳಬೇಡ." ಜೇಬಿನಿಂದ ಲಂಬುವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಹೋಗೋಕೆ ಮುಂಚೆ ಒಂದೇ ಒಂದು ಕಾರ್ಖಾನೆ, ಬೋರಲು ಡ್ರಮ್ಮು ಇಲ್ದೇ ಇರೋದು, ಮಾಡಿಹೋಗ್ಬೇಕು. ಅಷ್ಟೇ ಆಸೆ."

ಒಂದು ವಾರದ ನಂತರ ಅವರು ಒಂದು ಡಬ್ಬಿ ಸೀಮೆಸುಣ್ಣ ಹಿಡಿದು ಮತ್ತೆ ಅಲ್ಲಿಗೆ ಹೊರಟರು. ನಾನೂ ಜೊತೆಗೆ ಹೋದೆ, ಇವರು ಇನ್ನೇನು ಖರ್ಚು ತಂದಿಡುತ್ತಾರೋ ಎಂಬ ಭಯಕ್ಕೆ. ಮಧ್ಯಾಹ್ನ ಶಿಫ್ಟು ಬದಲಾಗುವ ಹೊತ್ತಿಗೆ ಕ್ಯಾಂಟೀನಿನ ಬಿಳಿ ಗೋಡೆಗೆ ಕಪ್ಪು ಕಾಗದ ಅಂಟಿಸಿ, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಿಮ್ಮಡಿ ನೆಲಕ್ಕಿರಬೇಕು, ಮೈ ಎಳೆಯಬಾರದು, ಸುಮ್ಮನೆ ಕೈ ಎತ್ತಿ ಸೀಮೆಸುಣ್ಣದಲ್ಲಿ ಒಂದು ಗೀಟು. ಒಟ್ಟು ಇಪ್ಪತ್ತಾರು ಜನ. ಗಂಡಸರಲ್ಲಿ ಅರ್ಧ ಜನ ಕಳ್ಳತನದಿಂದ ಹಿಮ್ಮಡಿ ಎತ್ತಿದರು. ಗೊಂಬೆಯಣ್ಣ ನೆಲದ ಮೇಲೆ ಕೂತು ಅವರ ಪಾದ ಕಾಯುತ್ತಿದ್ದರು. "ಇಳಿಸಪ್ಪ, ಇಳಿಸು, ಇಲ್ಲಿ ಹೆಣ್ಣು ನೋಡೋಕೆ ಯಾರೂ ಬಂದಿಲ್ಲ" ಅಂದಾಗ ಕ್ಯಾಂಟೀನೆಲ್ಲ ನಗು.

ಎಲ್ಲಕ್ಕಿಂತ ಕೆಳಗಿನ ಗೀಟು ಹಂಡೆ ನೋಡಿಕೊಳ್ಳುವ ಹೆಂಗಸಿನದು. ನಲವತ್ತರ ಆಸುಪಾಸು, ನಗುಮುಖ, ಮಾತಿನ ಮಲ್ಲಿ. ಕೈ ಎತ್ತಿ ಗೀಟು ಹಾಕಿ, ಉಳಿದ ಗೀಟುಗಳನ್ನೆಲ್ಲ ಕತ್ತೆತ್ತಿ ನೋಡಿ, "ನಾನಿಷ್ಟೇ ಸಾರ್. ಸಾಲ್ದು ಅಂದ್ರೆ ಹೇಳಿ, ನನ್ನ ಡ್ರಮ್ ತರ್ತೀನಿ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗೊಂಬೆಯಣ್ಣನೂ ನಗುತ್ತ ಅವಳ ಗೀಟಿಗೆ ಟೇಪು ಹಿಡಿದು ಅಳತೆ ಬರೆದುಕೊಂಡರು.

ಆ ಅಳತೆಗೆ ಅವರು ಹೊಸ ಗೊಂಬೆ ಕೆತ್ತಿದರು. ಮರದ್ದು, ಲಂಬುವಿನ ಕಿವಿಯವರೆಗೂ ಬಾರದ್ದು. ಅವಳಿಗೆ ಚೋಟಕ್ಕ ಎಂದು ಹೆಸರಿಟ್ಟರು. ಹೊಸ ಘಟಕದ ಮಾಡೆಲ್ಲಿನಲ್ಲಿ ಕೈಯಿಂದ ತಿರುಗಿಸುವ ವಾಲ್ವುಗಳು ನೂರ ಹನ್ನೆರಡು. ಲಂಬುವಿಗೆ ನೂರ ಹನ್ನೆರಡೂ ಎಟುಕಿದ್ದವು. ಚೋಟಕ್ಕನಿಗೆ ಮೂವತ್ತೊಂದು ಎಟುಕಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಪಟ್ಟಿ ಬಂದು ಕೂತಿತು: ಮೂವತ್ತೊಂದು ಕಡೆ ನಿಲ್ಲಲು ಕಬ್ಬಿಣದ ಕಟ್ಟೆ, ಮೆಟ್ಟಿಲು, ಕಂಬಿ.

ಲೆಕ್ಕ ಹಾಕಿದೆ. ಐದು ವರ್ಷ ಮೂರು ತಿಂಗಳು.

ಪಟ್ಟಿ ಹಿಡಿದು ಮಾಡೆಲ್ ರೂಮಿಗೆ ಹೋದವಳು ಬಾಗಿಲಲ್ಲೇ ಶುರು ಮಾಡಿದೆ. "ಅಣ್ಣ, ಇದನ್ನ ಹಾಕಿದ್ರೆ ಕಾರ್ಖಾನೆನೇ ಏಳಲ್ಲ. ಆಗ ಡ್ರಮ್ಮೂ ಇರಲ್ಲ, ಕೆಲಸಾನೂ ಇರಲ್ಲ. ನಿಮ್ಮ ಆಸೆ ಚೆನ್ನಾಗೇ ಈಡೇರತ್ತೆ!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅವಳೊಬ್ಬಳ ಗೀಟಿಗೆ ಯಾಕೆ ಕಟ್ತೀರಾ? ಇಪ್ಪತ್ತಾರು ಜನದ ಸರಾಸರಿ ತಗೊಳ್ಳಿ. ಲೋಕವೆಲ್ಲ ಸರಾಸರಿ ಮೇಲೇ ನಡೆಯೋದು."

"ಸರಾಸರಿ ಅನ್ನೋನು ಯಾವ ಶಿಫ್ಟಿಗೂ ಬರಲ್ಲಮ್ಮ," ಅಂದರು ಮೆಲ್ಲಗೆ. "ಬರೋಳು ಅವಳು."

ನಾನು ಬಾಗಿಲು ಬಡಿದು ಬಂದೆ. ಎರಡು ದಿನ ಮುಖ ಊದಿಸಿಕೊಂಡು ಕೂತೆ. ಸರಾಸರಿಯನ್ನು ನಂಬಿ ಅನ್ನ ತಿಂದವಳು ನಾನು. ಪಾತ್ರೆ, ಗೋಪುರ, ಪಂಪು ಇವುಗಳ ಬೆಲೆ ಗೊತ್ತಾದರೆ ಸಾಕು, ಅದನ್ನು ಇಷ್ಟರಿಂದ ಗುಣಿಸಿದರೆ ಪೈಪು, ಅಷ್ಟರಿಂದ ಗುಣಿಸಿದರೆ ಅಡಿಪಾಯ, ಇನ್ನಿಷ್ಟರಿಂದ ಬಣ್ಣ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಯಾರೋ ಕಟ್ಟಿದ ನೂರಾರು ಕಾರ್ಖಾನೆಗಳ ಸರಾಸರಿಯಿಂದ ಬಂದ ಅಂಕಿಗಳು ಅವು. ಯಾವ ಪೈಪು ಎಲ್ಲಿ ಹೋಗುತ್ತದೆಂದು ನಾನು ನೋಡುವ ಅಗತ್ಯವೇ ಬಂದಿರಲಿಲ್ಲ.

ಮೂರನೆಯ ದಿನ ನಾನೇ ಹೋದೆ. ಸೋತು ಹೋದದ್ದಲ್ಲ, ಪಟ್ಟಿಯನ್ನು ಅರ್ಧಕ್ಕೆ ಇಳಿಸಲು ಹೋದದ್ದು. ಗೊಂಬೆಯಣ್ಣ ಏನೂ ಆಗೇ ಇಲ್ಲವೆಂಬಂತೆ ಸ್ಟೂಲು ಎಳೆದು ಕೊಟ್ಟರು. ಮೊದಲನೆಯ ವಾಲ್ವಿನ ಮುಂದೆ ಚೋಟಕ್ಕನನ್ನು ನಿಲ್ಲಿಸಿದರು.

"ಕಟ್ಟೆ ಹಾಕದೇ ಅವಳನ್ನ ಮೇಲೆ ಹತ್ತಿಸೋಕೆ ಆಗಲ್ಲ ಅಣ್ಣ," ಅಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. "ವಾಲ್ವನ್ನ ಕೆಳಗೆ ತಂದ್ರೆ?"

ಅವರು ನನ್ನ ಮುಖ ನೋಡಿದರು. ಆಮೇಲೆ ಚಿಮುಟದಲ್ಲಿ ಆ ಪುಟ್ಟ ವಾಲ್ವನ್ನು ಹಿಡಿದು ಕಾಲು ಸುತ್ತು ತಿರುಗಿಸಿದರು. ಮೇಲೆ ನೋಡುತ್ತಿದ್ದ ಚಕ್ರ ಈಗ ಪಕ್ಕಕ್ಕೆ ನೋಡಿತು. ಚೋಟಕ್ಕನಿಗೆ ಎಟುಕಿತು. ಖರ್ಚು ಸೊನ್ನೆ.

ಅಲ್ಲಿಂದ ಹನ್ನೊಂದು ಮಧ್ಯಾಹ್ನ ಇಬ್ಬರೂ ಆ ಮೇಜಿನ ಎದುರುಬದುರು ಕೂತೆವು. ಹತ್ತೊಂಬತ್ತು ವಾಲ್ವುಗಳು ಬರೀ ತಿರುಗಿಸಿದ್ದಕ್ಕೇ ದಾರಿಗೆ ಬಂದವು. ತಿರುಗಿಸಿದರೆ ದಾರಿಹೋಕರ ಹಣೆಗೆ ಬಡಿಯುತ್ತದೆಯೇ ಎಂದು ನೋಡಲು ಲಂಬುವನ್ನು ಅತ್ತಿಂದಿತ್ತ ನಡೆಸಿದೆವು. ಕೊನೆಗೂ ಅವನೊಂದು ಉಪಯೋಗಕ್ಕೆ ಬಂದ ಎಂದು ಗೊಂಬೆಯಣ್ಣ ಅವನ ಬೆನ್ನು ತಟ್ಟಿದರು. ಎಂಟು ವಾಲ್ವುಗಳನ್ನು ತಲೆಯ ಮೇಲಿನ ಅಡ್ಡ ಪೈಪಿನಿಂದ ಬಿಡಿಸಿ, ಅದೇ ಪೈಪು ಮುಂದೆ ನೆಲದತ್ತ ಇಳಿಯುವ ಜಾಗಕ್ಕೆ, ಎದೆಯ ಎತ್ತರಕ್ಕೆ ಸರಿಸಿದೆವು. ಅದಕ್ಕೂ ಖರ್ಚಿಲ್ಲ. ಮೇಲೆ ವಾಲ್ವಿನ ಭಾರ ಹೊರಲು ಹಾಕಿದ್ದ ಆಸರೆಗಳ ದುಡ್ಡೂ ಉಳಿಯಿತು. ಗಂಡಸರು ಸೇರಿ ಮಾಡಿದ ನಕ್ಷೆಯಲ್ಲಿ ಇಷ್ಟು ಕಬ್ಬಿಣ ವ್ಯರ್ಥವಾಗಿದ್ದನ್ನು ಕಂಡು ನನ್ನ ಕತ್ತರಿಗೆ ಹಬ್ಬವೋ ಹಬ್ಬ.

ಕೊನೆಗೆ ನಾಲ್ಕು ಉಳಿದವು. ಜಪ್ಪಯ್ಯ ಅಂದರೂ ಕೆಳಗಿಳಿಯದವು. ಅವಕ್ಕೆ ಕಟ್ಟೆ ಹಾಕಲೇಬೇಕಿತ್ತು, ಅದೂ ಪಟ್ಟಿಯಲ್ಲೇ ಅತಿ ಎತ್ತರದ, ಅತಿ ದುಬಾರಿ ಕಟ್ಟೆಗಳು.

"ಎಷ್ಟಾಗತ್ತೆ?" ಅಂದರು ಗೊಂಬೆಯಣ್ಣ.

"ಆಸರೇಲಿ ಉಳಿದದ್ದನ್ನ ಕಳೆದ್ರೆ ಐದು ವರ್ಷದ ಮೇಲೆ ಹತ್ತು ದಿನ."

ಅವರು ಸುಮ್ಮನಾದರು. ಕೇಳಲಿಲ್ಲ, ಬೇಡಲಿಲ್ಲ. ಬೇಡಿದ್ದರೆ ನಾನು ಖಂಡಿತ ಆಗಲ್ಲ ಅಂತಿದ್ದೆ, ನನ್ನ ಸ್ವಭಾವವೇ ಅಂಥದು. ಸುಮ್ಮನಿದ್ದರಲ್ಲ, ಅದಕ್ಕೇ ನಾನೇ ಬಾಯಿ ಬಿಟ್ಟೆ. ಬೆಲೆ ಕಟ್ಟುವವರೆಲ್ಲ ಲೆಕ್ಕದೊಳಗೆ ಒಂದು ಗಂಟು ಬಚ್ಚಿಟ್ಟಿರುತ್ತಾರೆ. ಅನಿರೀಕ್ಷಿತ ವೆಚ್ಚ ಎಂದು ಎಲ್ಲರಿಗೂ ಕಾಣುವಂತೆ ತೋರಿಸುವುದು ಬೇರೆ. ಇದು ಯಾರಿಗೂ ಕಾಣದ್ದು. ಬಣ್ಣದಲ್ಲಿ ಸ್ವಲ್ಪ, ಬೋಲ್ಟಿನಲ್ಲಿ ಸ್ವಲ್ಪ, ‘ಇತರೆ’ ಅನ್ನುವ ಸಾಲಿನಲ್ಲಿ ಧಾರಾಳ. ನಾಳೆ ಲೆಕ್ಕ ತಪ್ಪಿದರೆ ನನ್ನ ಮುಖ ಉಳಿಯಲಿ ಎಂದು. ಊರಿನವರ ಗಂಟುಗಳನ್ನೆಲ್ಲ ಹುಡುಕಿ ಕತ್ತರಿಸುತ್ತಿದ್ದ ನಾನು ನನ್ನದನ್ನು ಇಪ್ಪತ್ತು ವರ್ಷ ಜೋಪಾನ ಮಾಡಿದ್ದೆ.

"ನನ್ನ ಹತ್ರ ಸ್ವಲ್ಪ ಇದೆ," ಅಂದೆ. ಮುಖ ಬಿಸಿಯಾಯಿತು. "ಎಲ್ಲಿದೆ ಅಂತ ಕೇಳ್ಬೇಡಿ."

"ಕೇಳಲ್ಲ," ಅಂದರು. ಆದರೆ ತುಟಿಯಂಚಿನಲ್ಲಿ ನಗು ಬಂದುಬಿಟ್ಟಿತ್ತು.

ಲೆಕ್ಕ ನಾಲ್ಕು ವರ್ಷ ಹನ್ನೊಂದೂವರೆ ತಿಂಗಳಿಗೆ ಬಂದು ನಿಂತಿತು. ಯಜಮಾನರು ಮಾಡೆಲ್ ನೋಡಲು ಬಂದಾಗ ಸುತ್ತಲೂ ಒಂದು ಸುತ್ತು ಹಾಕಿ, ಚೋಟಕ್ಕನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, "ಇದ್ಯಾರು?" ಅಂದರು. "ನಿಮ್ಮ ಕಾರ್ಖಾನೆಯವರೇ ಸಾರ್," ಅಂದರು ಗೊಂಬೆಯಣ್ಣ. ಯಜಮಾನರು ಮತ್ತೇನೂ ಕೇಳದೆ, ಅವಳನ್ನು ಎಲ್ಲಿಂದ ಎತ್ತಿದ್ದರೋ ಅಲ್ಲೇ ಜಾಗ್ರತೆಯಿಂದ ನಿಲ್ಲಿಸಿ, ಕಾಗದಕ್ಕೆ ಸಹಿ ಹಾಕಿದರು. ಆ ತಿಂಗಳ ಕೊನೆಗೆ ಗೊಂಬೆಯಣ್ಣ ನಿವೃತ್ತರಾದರು. ಮಾಡೆಲ್ ರೂಮಿನಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿದರು.

ಘಟಕ ಕಟ್ಟಿ ಮುಗಿದು, ಓಡಲು ಶುರುವಾಗಿ ಆರು ತಿಂಗಳಾದ ಮೇಲೆ ನಾನು ಲೆಕ್ಕ ತಾಳೆ ನೋಡಲು ಅಲ್ಲಿಗೆ ಹೋದೆ. ಹೊರಡುವ ಹಿಂದಿನ ದಿನ ಗೊಂಬೆಯಣ್ಣ ಫೋನ್ ಮಾಡಿ ನೀರಿನ ಬಗ್ಗೆ, ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ ಎಲ್ಲ ಮಾತಾಡಿ, ಕೊನೆಗೆ, "ಸ್ವಲ್ಪ ಎಣಿಸ್ಕೊಂಡು ಬಾಮ್ಮ" ಅಂದಿದ್ದರು. ನಾನು ಬೆಳಿಗ್ಗೆಯೆಲ್ಲ ಹೊಸ ಘಟಕದ ಮೂಲೆಮೂಲೆ ಸುತ್ತಿದೆ. ಗೋಪುರದ ಹಿಂದೆ ನೋಡಿದೆ, ಪಂಪುಗಳ ಸಾಲಿನಲ್ಲಿ ನೋಡಿದೆ. ಆಮೇಲೆ ಫೋನು ಮಾಡುವ ಬದಲು ಸಂಜೆ ನೇರವಾಗಿ ಅವರ ಮನೆಗೇ ಹೋದೆ. ಮುಖ ನೋಡಿ ಹೇಳಬೇಕು ಅನ್ನಿಸಿತ್ತು.

ಎರಡು ಕೋಣೆಯ ಚೊಕ್ಕಟ ಮನೆ. ಕಿಟಕಿಯ ಬಳಿ ಅಕ್ಕ ಬೆತ್ತದ ಸ್ಟೂಲಿನ ಮೇಲೆ ಕೂತಿದ್ದರು. ಹಿಂದೆ ಗೊಂಬೆಯಣ್ಣ, ಕೈಯಲ್ಲಿ ಬಾಚಣಿಗೆ. ಬೆಳಿಗ್ಗೆ ಹಾಕಿದ ಜಡೆ ಬಿಚ್ಚಿಹೋಗಿತ್ತಂತೆ. ಅಕ್ಕ ನನ್ನನ್ನು ನೋಡಿ, "ಬಾಮ್ಮ, ನೀನೇನಾ ಕತ್ತರಿ? ನನ್ನ ಕೂದಲಿಗೆ ಮಾತ್ರ ಕೈ ಹಾಕ್ಬೇಡ, ಇರೋದೇ ಇಷ್ಟು" ಅಂದರು.

ಗೊಂಬೆಯಣ್ಣನ ಬಾಚಣಿಗೆ ಮಾತ್ರ ಅಲ್ಲೇ ನಿಂತಿತು.

"ಒಂದು," ಅಂದೆ.

ಅವರ ಮುಖ ಬಾಡಿತು. "ಯಾವ ವಾಲ್ವ್ ಕೆಳಗೆ?"

"ಯಾವ ವಾಲ್ವ್ ಕೆಳಗೂ ಅಲ್ಲ. ಬಾಗಿಲ ಹೊರಗಡೆ, ನೆರಳಲ್ಲಿ. ಒಬ್ಬ ಅದರ ಮೇಲೆ ಕೂತ್ಕೊಂಡು ಟೀ ಕುಡೀತಿದ್ದ."

ಅವರು ಕನ್ನಡಕ ತೆಗೆದರು. ಒರೆಸಿಕೊಂಡದ್ದು ಕನ್ನಡಕವನ್ನಲ್ಲ. ನಾನೂ ಕಣ್ಣೊರೆಸಿಕೊಂಡೆ. ಅಷ್ಟು ಸಂತೋಷವಾಗಿತ್ತು ನನಗೆ, ನನ್ನ ಯಾವ ಲೆಕ್ಕ ತಾಳೆಯಾದಾಗಲೂ ಆಗದಷ್ಟು. ಅಕ್ಕ ಕತ್ತು ಹೊರಳಿಸಿ ಇಬ್ಬರನ್ನೂ ನೋಡಿದರು. "ಏನ್ರೋ ಇದು, ಡ್ರಮ್ಮಿಗೆಲ್ಲ ಅಳ್ತೀರಾ?"

ಆಗ ಗೊಂಬೆಯಣ್ಣ ಹೇಳಿಬಿಟ್ಟರು. ಜಡೆಯ ಮೂರು ಎಳೆಗಳನ್ನು ಬೆರಳಲ್ಲಿ ಹಿಡಿದುಕೊಂಡೇ, ಅಕ್ಕನ ಬೆನ್ನಿಗೆ ಹೇಳಿದರು. ಹಂಡೆಯ ಮೇಲಿನ ವಾಲ್ವನ್ನು ಅಲ್ಲಿ ಪಾಸು ಮಾಡಿದ್ದು ತಾನು, ಬಾವಿ ಹಗ್ಗದ ಕೈಯವನು ತಾನೇ, ಆ ಭುಜ ತನ್ನಿಂದಲೇ ಹೋಯಿತು, ಇಷ್ಟು ವರ್ಷ ಹೇಳಲು ಧೈರ್ಯ ಬರಲಿಲ್ಲ, ಈಗ ಒಂದಾದರೂ ಸರಿಯಾಗಿ ಮಾಡಿದೆ ಅನ್ನಿಸಿದ್ದಕ್ಕೆ ಹೇಳುತ್ತಿದ್ದೇನೆ ಎಂದು.

ಅಕ್ಕ ಎಡಗೈಯಿಂದ ಬಲಭುಜವನ್ನು ಸುಮ್ಮನೆ ಹಿಡಿದುಕೊಂಡು ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆ ವಾಲ್ವ್ ಈಗ್ಲೂ ಅಲ್ಲೇ ಇದೆಯಾ?" ಅಂದರು.

"ಇದೆ ಅಕ್ಕ," ಅಂದರು ಗೊಂಬೆಯಣ್ಣ.

"ನನ್ನ ಜಾಗಕ್ಕೆ ಬಂದಳಲ್ಲ, ಅವಳೇ ತಿರುಗಿಸ್ತಾಳಾ?"

ನಾನೂ ಗೊಂಬೆಯಣ್ಣನೂ ಒಬ್ಬರ ಮುಖ ಒಬ್ಬರು ನೋಡಿದೆವು. ‘ಸಾಲ್ದು ಅಂದ್ರೆ ನನ್ನ ಡ್ರಮ್ ತರ್ತೀನಿ.’ ಅವಳು ನಮ್ಮ ಮುಂದೆ ನಿಂತು ಬಾಯಿಬಿಟ್ಟು ಹೇಳಿದ್ದಳು. ನಾವು ನಕ್ಕು, ಅವಳ ಕೈಯ ಅಳತೆ ಬರೆದುಕೊಂಡು ಬಂದಿದ್ದೆವು. ಆ ಅಳತೆಯಿಂದ ಹೊಸ ಘಟಕದ ನೂರ ಹನ್ನೆರಡು ವಾಲ್ವುಗಳನ್ನೂ ಸರಿಮಾಡಿದೆವು. ಅವಳಿಗೆ ಕೆಲಸ ಮಾತ್ರ ಹಳೆಯ ಹಂಡೆಯ ಬಳಿಯೇ. ಹಂಡೆ ಚುಕ್ಕೆ ಗೆರೆಯ ಆಚೆಗಿತ್ತು. ಹೊಸ ಘಟಕದ ಕಡತದಲ್ಲಿ ಅದಕ್ಕೆ ನಂಬರಿಲ್ಲ. ಅದನ್ನು ನಾವು ಬೇಕೆಂದು ಬಿಟ್ಟದ್ದಲ್ಲ. ಕಣ್ಣಾರೆ ಕಂಡೂ ಇಬ್ಬರ ತಲೆಗೂ ಹೊಳೆಯಲಿಲ್ಲ. ಜೀವನದಲ್ಲಿ ನಾಚಿಕೆಪಡುವಂಥ ಕೆಲಸಗಳನ್ನು ನಾನು ಕೆಲವು ಮಾಡಿದ್ದೇನೆ, ಅವುಗಳಲ್ಲಿ ಇದಕ್ಕೇ ಮೊದಲ ಜಾಗ.

"ನನ್ನದು ಆಯ್ತು ಬಿಡೋ," ಅಂದರು ಅಕ್ಕ. "ಅವಳಿಗಿನ್ನೂ ಹದಿನೈದು ವರ್ಷ ಸರ್ವೀಸಿದೆ."

ಮರುದಿನ ನಾನು ಬರೆದದ್ದು ನನ್ನ ವೃತ್ತಿಯಲ್ಲೇ ಅತಿ ಚಿಕ್ಕ ಅಂದಾಜು. ಒಂದೇ ಸಾಲು: ಅಡ್ಡ ಪೈಪಿನಲ್ಲಿರುವ ಉಗಿಯ ವಾಲ್ವನ್ನೂ ಅದೇ ಪೈಪು ಮುಂದೆ ಕೆಳಗಿಳಿಯುವಲ್ಲಿನ ಅಷ್ಟೇ ಉದ್ದದ ತುಂಡನ್ನೂ ಬಿಚ್ಚಿ ಅದಲುಬದಲು ಮಾಡುವುದು, ಇಬ್ಬರು ಫಿಟ್ಟರು, ಅರ್ಧ ದಿನ, ಜೋಡಣೆ ಸೋರದಂತೆ ಮಧ್ಯೆ ಇಡಲು ನಾಲ್ಕು ಹೊಸ ಗ್ಯಾಸ್ಕೆಟ್ಟು. ಯಜಮಾನರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು, ಇನ್ನೇನಾದರೂ ಬಚ್ಚಿಟ್ಟಿದ್ದೇನೆಯೋ ಎಂದು. "ಇದು ಎಷ್ಟು ವರ್ಷಕ್ಕೆ ವಾಪಸ್ ಬರತ್ತೆ ಮೇಡಂ?" ಅಂದರು.

"ಬರಲ್ಲ ಸಾರ್," ಅಂದೆ. "ಇದು ಹಿಂದೇನೇ ಆಗ್ಬೇಕಿದ್ದ ಕೆಲಸ. ಹಳೇ ಕಾರ್ಖಾನೇಲಿ ಇಂಥ ಡ್ರಮ್ಮು ಇನ್ನೂ ಆರಿವೆ."

ಅವರು ಹೂಂ ಅಂದರು. ಉಳಿದ ಆರು ಡ್ರಮ್ಮುಗಳ ಪಟ್ಟಿಯನ್ನೂ ಕೊಡಿ ಅಂದರು.

ತಿಂಗಳ ಕೊನೆಯ ರಜೆಯ ದಿನ ಹಂಡೆ ಆರಿಸಿ ಕೆಲಸ ಮುಗಿಸಿದರು. ನಾವು ಮೂವರೂ ಹೋಗಿದ್ದೆವು. ಅಕ್ಕ ಎಂಟು ವರ್ಷದ ಮೇಲೆ ಆ ಬಾಗಿಲು ದಾಟಿದ್ದರು. ಹಂಡೆಯ ಹೆಂಗಸೂ ರಜೆ ಬಿಟ್ಟು ಬಂದಿದ್ದಳು. ನೆಲದ ಮೇಲೆ ನಿಂತು, ಎದೆಯ ಎತ್ತರದಲ್ಲಿದ್ದ ಚಕ್ರವನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿಸಿ ನೋಡಿ, "ಅಯ್ಯೋ, ಇನ್ನು ನನಗೆ ಮೈ ಬಗ್ಗಲ್ಲ ಬಿಡಿ!" ಎಂದು ನಕ್ಕು, ಅಕ್ಕನಿಗೆ ಜಾಗ ಬಿಟ್ಟಳು.

ಅಕ್ಕ ಮುಂದೆ ಬಂದರು. ಮೊದಲು ಎಡಗೈ ಇಡಲು ಹೋದವರು ತಡೆದು, ಬಲಗೈಯನ್ನು ಚಕ್ರದ ಮೇಲಿಟ್ಟರು. ಭುಜ ಎತ್ತಬೇಕಾಗಲಿಲ್ಲ. ಮೊಣಕೈ ಮಡಚಿದಲ್ಲಿಗೇ ಚಕ್ರ ಸಿಕ್ಕಿತು. ನಿಧಾನವಾಗಿ ಪೂರ್ತಿ ತೆರೆದರು, ಪೂರ್ತಿ ಮುಚ್ಚಿದರು, ಮತ್ತೆ ತೆರೆದರು. ಆಮೇಲೆ ತಲೆಯ ಮೇಲೆ ಅದು ಇಷ್ಟು ವರ್ಷ ಇದ್ದ ಜಾಗವನ್ನು ನೋಡಿದರು, ಕೆಳಗೆ ಈಗಿರುವ ಜಾಗವನ್ನು ನೋಡಿದರು, ಬದಿಯಲ್ಲಿ ಸ್ಪ್ಯಾನರು ಒರೆಸುತ್ತಿದ್ದ ಇಬ್ಬರು ಫಿಟ್ಟರುಗಳನ್ನು ನೋಡಿದರು.

"ಇಷ್ಟೇನಾ?" ಅಂದರು.

ಗೊಂಬೆಯಣ್ಣ ನೆಲ ನೋಡುತ್ತ ನಿಂತಿದ್ದರು. "ಇಷ್ಟೇ ಅಕ್ಕ," ಅಂದರು.